ಸ್ಕ್ರೂ ಮೇಲೊಂದು ಕೆಂಪು ಗೆರೆ

ಮಾರ್ಚ್ ೩, ಸೋಮವಾರ

ಇವತ್ತು ಚಾಕು ಪರೀಕ್ಷೆ. ಪ್ರತಿ ತಿಂಗಳ ಆರಂಭದಲ್ಲಿ ಲಿಫ್ಟ್ ಮೆಕ್ಯಾನಿಕ್‌ಗಳಾದ ನಾವೆಲ್ಲ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಸಾಲಾಗಿ ನಿಂತು, ಜೇಬಿನ ಚಾಕುವನ್ನು ಮೇಜಿನ ಮೇಲಿಡಬೇಕು. ಇಂಜಿನಿಯರ್ ಮೇಡಂ ಒಂದೊಂದನ್ನೇ ಬಿಚ್ಚಿ, ಅಲಗಿನ ಬೆನ್ನನ್ನು ಮರದ ತುಂಡಿಗೆ ತಟ್ಟಿ ನೋಡುತ್ತಾರೆ. ಲಾಕ್ ಗಟ್ಟಿಯಿದ್ದರೆ ಅಲಗು ನೆಟ್ಟಗೆ ನಿಲ್ಲುತ್ತದೆ. ಮಡಿಚಿಕೊಂಡರೆ ಚಾಕು ಕಸದ ಬುಟ್ಟಿಗೆ, ಅದರ ಯಜಮಾನನಿಗೆ ಎಲ್ಲರೆದುರು ಮಂಗಳಾರತಿ.

ನನ್ನದು ಯಾವತ್ತಿನಂತೆ ಕಂಬದ ಹಾಗೆ ನಿಂತಿತು. "ನಿಮ್ಮ ಚಾಕೂ ನಿಮ್ಮ ಹಾಗೇ, ಬಗ್ಗೋದೇ ಇಲ್ಲ" ಅಂದರು ಮೇಡಂ. ಎಲ್ಲರೂ ನಕ್ಕರು. ಪುಟ್ಟ ಎಲ್ಲರಿಗಿಂತ ಒಂದು ಗುಟುಕು ಜಾಸ್ತಿ ನಕ್ಕ. ನಾನು ಗಮನಿಸಿದೆ.

ಪುಟ್ಟ ಅಂದರೆ ನನ್ನ ಭಾಮೈದ, ಹೆಂಡತಿಯ ತಮ್ಮ. ತಲೆ ಅರ್ಧ ನರೆತ ಪುಟ್ಟ. ಅವನನ್ನು ಈ ಕೆಲಸಕ್ಕೆ ತಂದವನು ನಾನು, ಕಲಿಸಿದವನು ನಾನು. ಈಗ ನನ್ನ ಜೋಡಿ. ಲಿಫ್ಟಿನ ತಲೆಯ ಮೇಲೆ ಹತ್ತಿ ಕೆಲಸ ಮಾಡುವಾಗ ಒಬ್ಬ ಕೆಂಪು ಸ್ವಿಚ್ ಒತ್ತಿ "ನಿಂತಿದೆ!" ಎಂದು ಕೂಗಬೇಕು. ಇನ್ನೊಬ್ಬ ತಾನೂ ಅದನ್ನು ಮುಟ್ಟಿ ನೋಡಿ "ನಿಂತಿದೆ!" ಎಂದು ತಿರುಗಿ ಕೂಗಬೇಕು. ಆ ಎರಡು ಕೂಗಿನ ಮೇಲೆ ನಮ್ಮಿಬ್ಬರ ಜೀವ ನಿಂತಿರುತ್ತದೆ.

ಇಬ್ಬರ ಚಾಕುವೂ ಒಂದೇ ಬಗೆ, ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡದ್ದು. ಮಡಿಚಿದರೆ ಅಂಗೈಯೊಳಗೆ ಅಡಗುತ್ತದೆ, ಬಿಚ್ಚಿದರೆ ಇಕ್ಕಳ, ಎರಡು ಸ್ಕ್ರೂಡ್ರೈವರ್, ಒಂದು ಅರ, ಒಂದು ಅಲಗು. ಅಲಗು ಪೂರ್ತಿ ಬಿಚ್ಚಿಕೊಂಡಾಗ ಒಳಗಿನ ತೆಳು ಉಕ್ಕಿನ ಪಟ್ಟಿ ಟಕ್ ಎಂದು ಅದರ ಹಿಂದೆ ಬಂದು ಕೂರುತ್ತದೆ. ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳುವವರೆಗೆ ಯಾರು ಬಂದರೂ ಅಲಗು ಮಡಿಚುವುದಿಲ್ಲ. ನನ್ನ ಹಿಡಿಗೆ ಕೆಂಪು ಟೇಪು, ಪುಟ್ಟನದಕ್ಕೆ ನೀಲಿ. ಒಬ್ಬರ ಚಾಕುವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕೇಳುವಂತಿಲ್ಲ, ಕೊಡುವಂತಿಲ್ಲ. ಕತ್ತಲೆಯಲ್ಲಿ ಕಣ್ಣುಮುಚ್ಚಿ ಬಿಚ್ಚುವ ವಸ್ತು ಅದು. ಬೇರೆ ಕೈ ತಾಗಿದರೆ ಅದರ ನಡತೆ ಕೆಡುತ್ತದೆ ಎಂಬುದು ನಮ್ಮ ನಂಬಿಕೆ.

ಹಿರಿಯ ಮೆಕ್ಯಾನಿಕ್ ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಆ ಜಾಗ ನನ್ನದು ಎಂದು ಗೋಡೆಗೂ ಗೊತ್ತು. ಆದರೆ ಯಾರೋ ಪುಟ್ಟನ ಹೆಸರನ್ನೂ ಎತ್ತಿದ್ದಾರಂತೆ. ಕೇಳಿದರೆ "ನಂಗೇನೂ ಗೊತ್ತಿಲ್ಲ ಭಾವ" ಅಂದ. ಅಷ್ಟು ಬೇಗ ಉತ್ತರ ಕೊಟ್ಟದ್ದೇ ನನಗೆ ಹಿಡಿಸಲಿಲ್ಲ.

ಬೆಳಿಗ್ಗೆ ಏಳುವಾಗ ಬಲಗೈ ಜೋಮು ಹಿಡಿದಿತ್ತು. ಹೊಸ ದಿಂಬಿನ ಕರ್ಮ. ಈ ಪೆನ್ನೂ ಸರಿಯಿಲ್ಲ, ಬೆರಳಿನಿಂದ ಜಾರುತ್ತದೆ. ಒಳ್ಳೆಯ ಪೆನ್ನನ್ನು ಮಗಳು ಎತ್ತಿಕೊಂಡು ಹೋಗಿರಬೇಕು.

ಮಾರ್ಚ್ ೬, ಗುರುವಾರ

ಈ ಮನೆಯಲ್ಲಿ ಯಾವುದೂ ಭದ್ರವಾಗಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಮುಟ್ಟಿದರೆ ಕೈಗೆ ಬರುತ್ತದೆ. ಕಾಫಿಪುಡಿ ಡಬ್ಬಿಯದೂ ಅದೇ ಕಥೆ. ಇರುವೆಗಳು ದಂಡುಕಟ್ಟಿಕೊಂಡು ಬಂದಿವೆ. "ಒಂದು ಮುಚ್ಚಳ ಬಿಗಿಯಾಗಿ ಹಾಕೋಕೆ ಏನು ಬಾಧೆ ನಿನಗೆ?" ಎಂದು ಹೆಂಡತಿಯ ಮೇಲೆ ರೇಗಿದೆ. ಸಾಮಾನ್ಯವಾಗಿ ಒಂದಕ್ಕೆ ನಾಲ್ಕು ಕೊಡುವವಳು ಇವತ್ತು "ಮರ್ತೋಯ್ತು ರೀ" ಅಂದಳು ಅಷ್ಟೇ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನನ್ನ ಅಷ್ಟೂ ಷರ್ಟುಗಳ ಗುಂಡಿ ಕಿತ್ತು ಟಿಚ್ ಬಟನ್ ಹಾಕಿಬಿಟ್ಟಿದ್ದಾಳೆ, ನನ್ನನ್ನು ಒಂದು ಮಾತೂ ಕೇಳದೆ. "ಈಗ ಇದೇ ಫ್ಯಾಷನ್" ಅಂತೆ. ಈ ವಯಸ್ಸಿನಲ್ಲಿ ನನಗೆ ಫ್ಯಾಷನ್ನು!

ಫೋನಿನಲ್ಲಿ ತಮ್ಮನ ಜೊತೆ ಗುಸುಗುಸು ಜಾಸ್ತಿಯಾಗಿದೆ. ನಾನು ಒಳಗೆ ಬಂದ ಕೂಡಲೇ "ಹೂಂ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಾಳೆ. ಒಡಹುಟ್ಟಿದವರ ಮಾತಿಗೆ ನಾನು ಅಡ್ಡ ಬರುವವನಲ್ಲ. ಆದರೆ ನನ್ನನ್ನು ಕಂಡು ನಿಲ್ಲುವ ಮಾತು ನನ್ನ ಮೇಲಿನದೇ ಇರಬೇಕು.

ಮಾರ್ಚ್ ೧೧, ಮಂಗಳವಾರ

ಕೈ ಕುಯ್ದುಕೊಂಡೆ. ಕುಯ್ದುಕೊಂಡೆ ಎನ್ನುವುದು ತಪ್ಪು, ಕುಯ್ಯಿಸಿದರು.

ಏಳನೇ ಮಹಡಿಯ ಬಾಗಿಲಿನ ಹಿಂದೆ ಹಳೆಯ ವೈರುಗಳ ಕಟ್ಟು ಬಿಡಿಸುತ್ತಿದ್ದೆ. ಪ್ಲಾಸ್ಟಿಕ್ ಪಟ್ಟಿಗೆ ಅಲಗಿನ ತುದಿ ಹಾಕಿ ಒತ್ತಿದೆ. ಒತ್ತಿದ್ದೇ ತಡ, ಲಾಕ್ ಬಿಟ್ಟುಕೊಟ್ಟು ಅಲಗು ನನ್ನ ತೋರುಬೆರಳಿನ ಮೇಲೆ ಮಡಿಚಿಕೊಂಡಿತು. ರಕ್ತ ಮೊಣಕೈವರೆಗೆ ಇಳಿಯಿತು. ಪುಟ್ಟ ಕರವಸ್ತ್ರ ಸುತ್ತಿದ. ಅವನ ಮುಖ ಸುಣ್ಣದಂತಾಗಿತ್ತು. ಅವನು ಕೇಳಿದ ಮೊದಲ ಮಾತು ಏನು? "ತುಂಬಾ ಆಯ್ತಾ ಭಾವ?" ಅಲ್ಲ. "ಲಾಕ್ ಸರಿಯಾಗಿ ಕೂತಿತ್ತಾ ಭಾವ?" ಬೆರಳು ಸುರಿಯುತ್ತಿರುವಾಗ ಲಾಕಿನ ಯೋಚನೆ ಯಾರಿಗೆ ಬರುತ್ತದೆ? ಅದರ ವಿಷಯ ಮೊದಲೇ ಗೊತ್ತಿದ್ದವನಿಗೆ.

ಮೂರು ಹೊಲಿಗೆ ಬಿದ್ದವು. ಮನೆಯಲ್ಲಿ ಅವಳು ಅತ್ತದ್ದು ನೋಡಿದರೆ ಕೈಯೇ ಹೋಯಿತೇನೋ ಎನ್ನಬೇಕು. ಇಷ್ಟು ವರ್ಷದಲ್ಲಿ ಎಷ್ಟು ಗಾಯ ಮಾಡಿಕೊಂಡು ಬಂದಿಲ್ಲ ನಾನು? ಒಂದಕ್ಕೂ ಅಷ್ಟು ಅತ್ತಿರಲಿಲ್ಲ.

ಸಂಜೆ ಚಾಕುವನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅಲಗಿನ ಬುಡದ ಸ್ಕ್ರೂ ಸಡಿಲ. ಅಲಗು ಆ ಕಡೆ ಈ ಕಡೆ ಅಲ್ಲಾಡುತ್ತಿದೆ, ಪಟ್ಟಿ ಅದರ ಹಿಂದೆ ಅರ್ಧಂಬರ್ಧ ಕೂರುತ್ತಿದೆ. ಹೋದ ವಾರದ ಪರೀಕ್ಷೆಯಲ್ಲಿ ಮೇಡಂ ಕೈಯಲ್ಲಿ ಕಂಬದಂತೆ ನಿಂತ ಚಾಕು ಇದು. ತಾನಾಗಿ ಇಷ್ಟು ಸಡಿಲವಾಗಲು ಸಾಧ್ಯವೇ ಇಲ್ಲ. ಯಾರೋ ತಿರುಗಿಸಿದ್ದಾರೆ.

ಮಾರ್ಚ್ ೧೨, ಬುಧವಾರ

ರಜೆ ಹಾಕಿಸಿದ್ದಾರೆ. ಒಳ್ಳೆಯದೇ ಆಯಿತು, ಯೋಚನೆಗೆ ಸಮಯ ಸಿಕ್ಕಿತು.

ಲಿಫ್ಟಿನ ಮುಖ್ಯ ಬೋಲ್ಟುಗಳನ್ನು ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಬಣ್ಣದ ಗೆರೆ ಎಳೆಯುತ್ತೇವೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಟಾರ್ಚ್ ಬಿಟ್ಟರೆ ಸಾಕು, ಯಾವುದು ಕದಲಿದೆ ಎಂದು ತಿಳಿಯುತ್ತದೆ. ಚಾಕುವಿನ ಸ್ಕ್ರೂವನ್ನು ಬಿಗಿ ಮಾಡಿ, ಮಗಳ ಉಗುರುಬಣ್ಣದಿಂದ ಸ್ಕ್ರೂ ಮೇಲಿನಿಂದ ಹಿಡಿಯವರೆಗೆ ಸಣ್ಣಗೆ ಒಂದು ಕೆಂಪು ಗೆರೆ ಎಳೆದೆ. ಕೆಂಪು ಟೇಪಿನ ಪಕ್ಕ ಅದು ಕಾಣುವುದೇ ಇಲ್ಲ. ಈಗ ಬರಲಿ ನೋಡೋಣ.

ಬಿಗಿ ಮಾಡಿದ ಮೇಲೆ ಲಾಕ್ ಬಲು ಮೊಂಡಾಗಿದೆ. ಎಡಗೈ ಹೆಬ್ಬೆರಳಿನಿಂದ ತಳ್ಳಿ ಮುಚ್ಚಿದೆ. ಬಲಗೈಯಲ್ಲಿ ಗಾಯ ಇದೆಯಲ್ಲ.

"ಅಪ್ಪಾ, ನನ್ನ ನೇಲ್ ಪಾಲಿಶ್ ನೀನು ತಗೊಂಡ್ಯಾ?" ಎಂದು ಮಗಳು ಕೇಳಿದಳು. "ನನ್ನ ಪೆನ್ನು ನೀನು ತಗೊಂಡ್ಯಾ?" ಎಂದು ನಾನು ಕೇಳಿದೆ. ಅಲ್ಲಿಗೆ ಮುಗಿಯಿತು.

ಮಾರ್ಚ್ ೧೬, ಭಾನುವಾರ

ಸಿಕ್ಕಿಬಿದ್ದ.

ಪುಟ್ಟ ಮಧ್ಯಾಹ್ನ ಊಟಕ್ಕೆ ಬಂದಿದ್ದ. ಚಾಕು ಎಂದಿನಂತೆ ಬಾಗಿಲ ಪಕ್ಕದ ಗೂಡಿನಲ್ಲಿ, ಬೀಗದ ಕೈಗಳ ಜೊತೆ ಇತ್ತು. ಬೆಳಿಗ್ಗೆ ನೋಡಿದ್ದೆ, ಗೆರೆ ಅಖಂಡ. ಊಟವಾದ ಮೇಲೆ ಅವಳು "ರೀ, ಹಾಲು ಮುಗಿದಿದೆ, ಒಂದು ಪ್ಯಾಕೆಟ್ ತಂದುಬಿಡಿ" ಎಂದಳು. ತಂದು ಫ್ರಿಜ್ಜು ತೆಗೆದರೆ ಒಳಗೆ ಎರಡು ಪ್ಯಾಕೆಟ್ ತಣ್ಣಗೆ ಕೂತಿವೆ! ಪುಟ್ಟ ಕೈ ತೊಳೆಯುತ್ತಿದ್ದ. ಊಟದ ಕೈಯನ್ನು ಮನುಷ್ಯ ಎಷ್ಟು ಸಲ ತೊಳೆಯುತ್ತಾನೆ?

ಅವನು ಹೋದ ಮೇಲೆ ಚಾಕು ನೋಡಿದೆ. ಗೆರೆ ಮುರಿದಿದೆ. ಸ್ಕ್ರೂ ಮೇಲಿನ ತುಂಡು ಒಂದು ಕಡೆ, ಹಿಡಿಯ ಮೇಲಿನದು ಇನ್ನೊಂದು ಕಡೆ. ವಿಚಿತ್ರವೆಂದರೆ ಸ್ಕ್ರೂ ಬಿಗಿಯಾಗಿಯೇ ಇದೆ. ಒಳಗಿನ ಪಟ್ಟಿಯ ಅಂಚನ್ನು ಯಾರೋ ನುಣ್ಣಗೆ ಉಜ್ಜಿದ್ದಾರೆ, ಎಣ್ಣೆಯ ವಾಸನೆ ಬೇರೆ. ಏನು ಹೊಂಚು ಇದು? ಮೊದಲ ಸಲ ಸಡಿಲ ಮಾಡಿ ಬೆರಳು ಕುಯ್ಯಿಸಿದ. ಈ ಸಲ ಹೊರಗೆ ಗಟ್ಟಿ ಕಾಣುವಂತೆ ಮಾಡಿ ಒಳಗೆ ಕೊರೆದಿದ್ದಾನೆ. ನನ್ನ ಕೈ ಕೆಟ್ಟರೆ ಹಿರಿಯ ಮೆಕ್ಯಾನಿಕ್ಕಿನ ಜಾಗ ಯಾರಿಗೆ? ಸಣ್ಣ ಮಗುವಿಗೂ ತಿಳಿಯುವ ಲೆಕ್ಕ.

ನೋವು ಯಾವುದರಿಂದ ಎಂದರೆ, ಹಾಲಿಗೆ ಕಳಿಸಿದವಳು ಅವಳು.

ಮಾರ್ಚ್ ೧೮, ಮಂಗಳವಾರ

ಕೆಲಸಕ್ಕೆ ಹೋದೆ. ಅವನ ಜೊತೆಯಲ್ಲೇ ಲಿಫ್ಟಿನ ತಲೆಯ ಮೇಲೆ. ಕೆಳಗೆ ಹನ್ನೊಂದು ಮಹಡಿಯ ಕತ್ತಲೆ.

ನಾನು ಕೆಂಪು ಸ್ವಿಚ್ ಒತ್ತಬೇಕು. ಹಾಳಾದ್ದು ತುಕ್ಕು ಹಿಡಿದಿದೆಯೋ ಏನೋ, ಬೆರಳಿಗೆ ಬಗ್ಗಲಿಲ್ಲ. ಅಂಗೈಯ ಬುಡದಿಂದ ಒತ್ತುವಷ್ಟರಲ್ಲಿ ಪುಟ್ಟನ ಕೈ ಅಲ್ಲಿಗೆ ಬಂದಾಗಿತ್ತು. "ನಿಂತಿದೆ!" ಎಂದು ಅವನೇ ಕೂಗಿದ. ನನ್ನ ಕೂಗನ್ನೂ ಕಿತ್ತುಕೊಂಡ. ಏಣಿಯ ಭಾರದ ತುದಿಯನ್ನು ಈಚೆಗೆ ಅವನೇ ಹಿಡಿಯುತ್ತಾನೆ, ಸ್ಪಾನರ್ ಕೆಲಸಕ್ಕೆ ನನಗಿಂತ ಮುಂಚೆ ಕೈ ಹಾಕುತ್ತಾನೆ. ಮಹಡಿಯ ಬಾಗಿಲಲ್ಲಿ ನಿಂತ ಮೇಡಂಗೆ ಕಾಣಲಿ ಎಂದು. ಬೆಣ್ಣೆ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಊಟದ ಹೊತ್ತಿಗೆ ಲೋಟ ಕೈಜಾರಿತು. ಕಂಪನಿ ಕೊಡುವ ಸ್ಟೀಲ್ ಲೋಟಗಳು ಎಣ್ಣೆಜಿಡ್ಡು, ಸರಿಯಾಗಿ ತೊಳೆಯುವವರಿಲ್ಲ.

ಮಾರ್ಚ್ ೨೧, ಶುಕ್ರವಾರ

ಮೇಡಂಗೆ ಹೇಳಿದೆ. ಚಾಕು ತೋರಿಸಿದೆ, ಗೆರೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಪುಟ್ಟನನ್ನು ಕರೆಸಿದರು.

"ಇವರ ಚಾಕು ನೀವು ಮುಟ್ಟಿದ್ರಾ?"

ಇಲ್ಲ ಎಂದು ಆಣೆ ಪ್ರಮಾಣ ಮಾಡುತ್ತಾನೆ ಅಂದುಕೊಂಡಿದ್ದೆ. ಅದಕ್ಕೆ ಏನು ತಿರುಗಿ ಹೇಳಬೇಕೆಂದು ಮನೆಯಲ್ಲೇ ತಯಾರಾಗಿ ಹೋಗಿದ್ದೆ.

"ಹೌದು ಮೇಡಂ. ಸ್ಕ್ರೂ ನಾನೇ ತಿರುಗಿಸಿದೆ" ಎಂದ.

"ಅವರ ಬೆರಳು ಕುಯ್ದದ್ದು?"

"ಅದನ್ನೂ ನನ್ನ ಮೇಲೇ ಹಾಕಿ ಮೇಡಂ."

"ಯಾಕೆ ಹೀಗ್ಮಾಡಿದ್ರಿ?"

ನೆಲ ನೋಡುತ್ತ ನಿಂತ. ಇನ್ನೊಬ್ಬರ ಸಾಧನವನ್ನು ಕೆಡಿಸಿ ಗಾಯ ಮಾಡಿದವನಿಗೆ ಇಲ್ಲಿ ಕೆಲಸವಿಲ್ಲ, ಇದು ಎಲ್ಲರಿಗೂ ಗೊತ್ತಿರುವ ನಿಯಮ. ಮುಂದಿನ ಚಾಕು ಪರೀಕ್ಷೆಯ ದಿನ ಎಲ್ಲರೆದುರು ಚಾಕು ನೋಡಿ, ಆ ವಾರದಲ್ಲೇ ತೀರ್ಮಾನ ಹೇಳುತ್ತೇನೆ ಎಂದರು ಮೇಡಂ. ಅಲ್ಲಿಯವರೆಗೆ ಪುಟ್ಟನಿಗೆ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ.

ಗೆದ್ದೆ. ಆದರೂ ಊಟ ಸೇರಲಿಲ್ಲ.

ಮಾರ್ಚ್ ೨೩, ಭಾನುವಾರ

ಮನೆ ಮಸಣದಂತಿದೆ. ಅವಳು ತಟ್ಟೆ ತಂದಿಟ್ಟು ಹೋಗುತ್ತಾಳೆ. ಹೊಲಿಗೆ ಯಂತ್ರ ಮಾತ್ರ ಬೆಳಗಿನಿಂದ ಕಟಕಟ ಎನ್ನುತ್ತಿದೆ.

ಕೊನೆಗೆ ನಾನೇ ಕೆಣಕಿದೆ. "ನಿನ್ನ ತಮ್ಮ ಒಪ್ಪಿಕೊಂಡ ಗೊತ್ತಾ? ಬಾಯಿಬಿಟ್ಟು ಒಪ್ಪಿಕೊಂಡ."

"ಗೊತ್ತು."

"ಅಷ್ಟೇನಾ?"

"ಅವನಿಗೆ ನೀವಂದ್ರೆ ದೇವರು ರೀ" ಎಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದೇವರ ಬೆರಳು ಕುಯ್ಯುವ ಭಕ್ತನನ್ನು ನಾನೆಲ್ಲೂ ಕಂಡಿಲ್ಲ.

ಮಗಳು ಹೊರಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಪ್ಪಾ, ಮಾವನ ಕೆಲಸ ಹೋದ್ರೆ ಅವರ ಮನೆ ಹೇಗೆ ನಡಿಯುತ್ತೆ ಅಂತ ಯೋಚನೆ ಮಾಡಿದ್ಯಾ?" ಎಂದಳು. ಮೂವರೂ ಒಂದೇ ಪಕ್ಷ. ಇರಲಿ.

ಮಾರ್ಚ್ ೨೭, ಗುರುವಾರ

ಹೊಸ ಜೋಡಿ ಕೊಟ್ಟಿದ್ದಾರೆ. ಬಾಯಲ್ಲಿ ಸದಾ ಏನೋ ಅಗಿಯುತ್ತಿರುತ್ತಾನೆ. ನಾನು "ನಿಂತಿದೆ!" ಅಂದರೆ "ಹ್ಞೂಂ" ಅನ್ನುತ್ತಾನೆ. ಹ್ಞೂಂ ಎಂದರೆ ಏನು? ಮುಟ್ಟಿ ನೋಡಿದನೋ ಇಲ್ಲವೋ? ಇವತ್ತು ಮೂರು ಸಲ ನಾನೇ ಬಗ್ಗಿ ನೋಡಿದೆ. ಪುಟ್ಟ ಇದ್ದಾಗ ಒಮ್ಮೆಯೂ ತಿರುಗಿ ನೋಡಿದವನಲ್ಲ. ಹೊಸ ಪೆನ್ನು ತಂದೆ. ಇದೂ ದಂಡ.

ಏಪ್ರಿಲ್ ೧, ಮಂಗಳವಾರ

ಚಾಕು ಪರೀಕ್ಷೆ.

ಎಲ್ಲರ ಚಾಕು ಸಾಲಾಗಿ ಬಿದ್ದಿದ್ದವು. ಪುಟ್ಟ ಸ್ಟೋರಿನಿಂದ ಬಂದು ತುದಿಯಲ್ಲಿ ನಿಂತ. ತನ್ನ ನೀಲಿ ಚಾಕುವನ್ನು ಮೇಜಿನ ಮೇಲಿಡುವ ಮೊದಲು ಅಭ್ಯಾಸಬಲದಿಂದ ಒಂದೇ ಕೈಯಲ್ಲಿ ಬಿಚ್ಚಿ ಮುಚ್ಚಿದ, ಟಕ್, ಟಿಕ್, ಬೇರೆಲ್ಲೋ ನೋಡುತ್ತ.

ಮೇಡಂ ನನ್ನದನ್ನು ಕೊನೆಗೆ ಎತ್ತಿಕೊಂಡರು. ಮರದ ತುಂಡಿಗೆ ಕುಟ್ಟಿದರು, ಇನ್ನೂ ಜೋರಾಗಿ ಕುಟ್ಟಿದರು. ಅಲಗು ಅಲ್ಲಾಡಲಿಲ್ಲ. "ಲಾಕ್ ಕೆಡಿಸಿದ್ದಾರೆ ಅಂತೀರಿ. ಇದು ಹೊಸದಕ್ಕಿಂತ ಚೆನ್ನಾಗಿದೆಯಲ್ರೀ" ಎಂದು ಬಿಚ್ಚಿದ ಚಾಕುವನ್ನು ನನ್ನ ಕಡೆ ನೀಡಿದರು. "ಮೇಲೆ ಕೆಲಸ ಮಾಡುವಾಗ ಹೇಗೆ ಮುಚ್ತೀರಿ, ಹಾಗೆ ಮುಚ್ಚಿ ತೋರಿಸಿ. ಒಂದೇ ಕೈ."

ಗಾಯ ಮಾಗಿದೆ, ಬ್ಯಾಂಡೇಜ್ ಬಿಚ್ಚಿದ್ದಾರೆ. ಹೆಬ್ಬೆರಳನ್ನು ಲಾಕಿನ ಮೇಲಿಟ್ಟೆ, ತಳ್ಳಿದೆ. ಏನೂ ಆಗಲಿಲ್ಲ. ಮತ್ತೆ ತಳ್ಳಿದೆ. ಬೆರಳು ಅಲ್ಲೇ ಇದೆ, ಕಾಣುತ್ತಿದೆ, ಆದರೆ ನಾನು ಹೇಳಿದ್ದು ಅದಕ್ಕೆ ಕೇಳಿಸಿದಂತೆಯೇ ಇಲ್ಲ. ವರ್ಕ್‌ಶಾಪಿನಲ್ಲಿ ಯಾರೋ ಕೆಮ್ಮಿದರು.

ಆಗ ಪುಟ್ಟ ಮುಂದೆ ಬಂದ. "ಅದು ನನ್ನ ತಪ್ಪು ಮೇಡಂ. ಸ್ಕ್ರೂ ಅತಿಯಾಗಿ ಬಿಗಿ ಮಾಡಿಬಿಟ್ಟಿದ್ದೀನಿ. ಯಾರಿಗೂ ಬರಲ್ಲ. ಕೊಡಿ ಭಾವ, ನೋಡಿ" ಎಂದು ಚಾಕು ತೆಗೆದುಕೊಂಡು ಹೆಬ್ಬೆರಳಿಟ್ಟು ಹಲ್ಲುಕಚ್ಚಿ ಮುಖ ಕಿವುಚಿದ. "ಊಹ್ಞೂಂ, ನನ್ನ ಕೈಲೂ ಆಗ್ತಿಲ್ಲ."

ಅವನ ಹೆಬ್ಬೆರಳಿನ ಉಗುರು ಬೆಳ್ಳಗಾಗಿರಲಿಲ್ಲ. ನಿಜವಾಗಿ ಒತ್ತಿದರೆ ಉಗುರು ಬೆಳ್ಳಗಾಗುತ್ತದೆ. ಅವನು ಒತ್ತುತ್ತಲೇ ಇರಲಿಲ್ಲ. ನನ್ನ ಕಣ್ಣೆದುರೇ ನಾಟಕವಾಡಿದ, ಅದೂ ಎಂಥ ಕೆಟ್ಟ ನಾಟಕ! ಮೇಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಶನಿವಾರ ತೀರ್ಮಾನ ಹೇಳ್ತೀನಿ" ಎಂದು ಹೊರಟುಹೋದರು.

ಏಪ್ರಿಲ್ ೨, ಬುಧವಾರ

ಯಾಕೆ ನಟಿಸಿದ? ಮುಚ್ಚಿ ತೋರಿಸಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಚಾಕು ಸರಿಯಾಗಿದೆ, ಭಾವನ ಕೈಯೇ ಸರಿಯಿಲ್ಲ ಎಂದು ಅವನು ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ಕಣ್ಣಾರೆ ನೋಡುತ್ತಿದ್ದರು. ಇದರಲ್ಲೂ ಏನೋ ಮಸಲತ್ತು ಇರಬೇಕು. ಬೆಳಗಿನಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಸಂಜೆ ಅಂಗಡಿಯಿಂದ ಬರುವಾಗ ಹೊಸ ಕಾಫಿಪುಡಿ ಬಾಟಲಿ ತಂದೆ. ದಾರಿಯಲ್ಲೇ ಒಂದು ಕಟ್ಟೆಯ ಮೇಲೆ ಕೂತು ಅದರ ಮುಚ್ಚಳ ತಿರುಗಿಸಿ ನೋಡಿದೆ. ಬರಲಿಲ್ಲ. ಮೊಣಕಾಲ ಮಧ್ಯೆ ಸಿಕ್ಕಿಸಿ ತಿರುಗಿಸಿದೆ. ಬರಲಿಲ್ಲ. ಹಾದುಹೋಗುವ ಮುದುಕಿಯೊಬ್ಬರು "ಕೊಡಪ್ಪ ಇಲ್ಲಿ" ಎಂದು ಕೈ ಚಾಚಿದರು. ಬೇಡ ಎಂದು ಎದ್ದು ಬಂದೆ.

ಮನೆಯಲ್ಲಿ ಡಬ್ಬಿಗಳ ಸಾಲು ನೋಡುತ್ತ ನಿಂತೆ. ಈ ಮುಚ್ಚಳಗಳು ನನಗೆ ಮಾತ್ರ ಹೇಗೆ ಸಡಿಲವಾಗಿ ಸಿಗುತ್ತವೆ? ಅವಳು ಮಲಗುವ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದಾಗ ಕಾಫಿಪುಡಿ ಡಬ್ಬಿಯನ್ನು ಮಗಳ ಕೈಯಲ್ಲಿ ಬಿಗಿಯಾಗಿ ಮುಚ್ಚಿಸಿ, ಮುಚ್ಚಳದಿಂದ ಡಬ್ಬಿಯವರೆಗೆ ಹಿಂದುಗಡೆ ಒಂದು ಕೆಂಪು ಗೆರೆ ಎಳೆದೆ. ಮಗಳು ನನ್ನನ್ನೇ ನೋಡಿದಳು.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಗೆರೆ ಮುರಿದಿತ್ತು. ಮುಚ್ಚಳ ಒಂದು ಬೆರಳಿನಗಲ ತಿರುಗಿತ್ತು. ತೆಗೆದಿರಲಿಲ್ಲ, ತಿರುಗಿಸಿ ಬಿಟ್ಟಿದ್ದಳು, ಅಷ್ಟೇ.

ಡಬ್ಬಿಯನ್ನು ಅವಳ ಮುಂದಿಟ್ಟೆ. "ಇದೇನು?"

ಅವಳು ಗೆರೆ ನೋಡಿದಳು. ಕುರ್ಚಿ ಎಳೆದು ಕೂತಳು.

"ಎಷ್ಟು ದಿನದಿಂದ?" ಅಂದೆ.

"ನೀವು ಗುಂಡಿ ಹಾಕಿಕೊಳ್ಳೋಕಾಗದೆ ಷರ್ಟು ಹರಿದು ಎಸೆದ್ರಲ್ಲ, ಆವತ್ತಿಂದ. ಹೇಳಿದ್ರೆ ಮೈಮೇಲೆ ಬರ್ತೀರಿ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ, ನನ್ನ ಕೈ ಕಬ್ಬಿಣ ಅಂತೀರಿ."

ಷರ್ಟು ಹರಿದದ್ದು ನನಗೆ ನೆನಪಿದೆ. ಅದರ ಕಾಜಾ ಚಿಕ್ಕದಿತ್ತು ಎಂದುಕೊಂಡಿದ್ದೆ.

"ಚಾಕು?" ಎಂದು ಕೇಳಿದೆ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಒಂದಿನ ಇಲ್ಲೇ ಕೂತು ಅದನ್ನ ಮುಚ್ಚೋಕೆ ಒದ್ದಾಡ್ತಿದ್ರಿ. ತೊಡೆಗೆ ಒತ್ತಿ, ಗೋಡೆಗೆ ಒತ್ತಿ. ನೋಡೋಕಾಗಲಿಲ್ಲ ರೀ. ಹೊಲಿಗೆ ಮಷೀನಿನ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಸ್ವಲ್ಪ ಸಡಿಲ ಮಾಡಿದೆ. ಡಬ್ಬಿ ಮುಚ್ಚಳದ ಹಾಗೇ ಅಂದುಕೊಂಡೆ. ಸಡಿಲ ಆದ್ರೆ ನಿಮಗೆ ಸುಲಭ ಆಗುತ್ತೆ ಅಂತ. ಅದು ನಿಮ್ಮ ಬೆರಳನ್ನೇ ಕುಯ್ಯುತ್ತೆ ಅಂತ ನಂಗೇನು ಗೊತ್ತು!"

ಆಮೇಲಿನದೆಲ್ಲ ಒಂದರ ಹಿಂದೆ ಒಂದು ಬಂತು. ಬೆರಳು ಕುಯ್ದ ದಿನ ತಮ್ಮನಿಗೆ ಫೋನು ಮಾಡಿ ಅತ್ತಿದ್ದಾಳೆ. ಅವನು ಭಾನುವಾರ ಬಂದು, ನನ್ನನ್ನು ಹಾಲಿಗೆ ಅಟ್ಟಿಸಿ, ಚಾಕು ಬಿಚ್ಚಿ, ಪಟ್ಟಿಯ ಅಂಚು ನುಣುಪು ಮಾಡಿ ಮತ್ತೆ ಬಿಗಿಮಾಡಿದ್ದಾನೆ. ಲಾಕ್ ಬಿಡಬಾರದು, ಆದರೆ ನನ್ನ ಹೆಬ್ಬೆರಳಿಗೆ ಸಾಧ್ಯವಾದಷ್ಟು ಹಗುರಾಗಬೇಕು. ಇನ್ನೊಬ್ಬರ ಚಾಕು ಮುಟ್ಟುವುದೆಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿತ್ತು.

"ಅವನು ಸಿಕ್ಕಿಬಿದ್ದಾಗಾದ್ರೂ ಹೇಳಬಾರದಿತ್ತಾ?"

"ಅವನೇ ಆಣೆ ಹಾಕಿಸಿದ. ಭಾವನ ಕೈ ವಿಷ್ಯ ಗೊತ್ತಾದ್ರೆ ಅವರನ್ನ ಮೇಲೆ ಹತ್ತಿಸಲ್ಲ ಅಕ್ಕ, ಅವರು ಬದುಕೋದೇ ಆ ಕೆಲಸದಲ್ಲಿ, ನಂಗೆ ಬೇರೆ ಎಲ್ಲಾದ್ರೂ ಸಿಗುತ್ತೆ ಅಂದ."

ಕಾಫಿ ಕುಡಿಯಲಿಲ್ಲ. ಡಬ್ಬಿಯನ್ನು ಹಿಡಿದುಕೊಂಡೇ ಕೂತಿದ್ದೆ. ಇಷ್ಟು ದಿನ ಇಡೀ ಮನೆಯ ಮೇಲೆ ಕಣ್ಣಿಟ್ಟಿದ್ದೆ. ನನ್ನ ಕೈಯ ಕಡೆ ಒಂದು ಸಲ ನೋಡಿರಲಿಲ್ಲ. ಈಗ ನೋಡಿದೆ. ಬಲಗೈ ಹೆಬ್ಬೆರಳ ಬುಡದ ಉಬ್ಬು ಇಳಿದುಹೋಗಿದೆ. ಎಡಗೈಯದು ತುಂಬಿಕೊಂಡಿದೆ. ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮನುಷ್ಯರ ಕೈಗಳಂತೆ ಕಾಣುತ್ತವೆ.

ಏಪ್ರ

ಪೆನ್ನು ಜಾರಿ ಮೇಲಿನ ಪದ ಕೆಟ್ಟಿತು. ೪, ಶುಕ್ರವಾರ.

ಮೇಡಂ ಕೋಣೆಗೆ ಹೋದೆ. ಬಾಗಿಲಲ್ಲಿ ತಿರುಗಿ ಬಂದುಬಿಡೋಣ ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ, ಒಮ್ಮೆ ಮೆಟ್ಟಿಲವರೆಗೆ ತಿರುಗಿಯೂ ಬಂದೆ. ನಾಳೆ ಅವನನ್ನು ತೆಗೆಯುತ್ತಾರೆ, ನಾನು ಹಿರಿಯ ಮೆಕ್ಯಾನಿಕ್ ಆಗುತ್ತೇನೆ, ಯಾರಿಗೂ ಏನೂ ತಿಳಿಯುವುದಿಲ್ಲ. ಪುಟ್ಟ ಸಾಯುವತನಕ ಬಾಯಿಬಿಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿಯೇ ಮತ್ತೆ ಮೇಲೆ ಹತ್ತಿದೆ.

"ಚಾಕು ಸರಿಯಾಗಿದೆ ಮೇಡಂ. ಪುಟ್ಟನೂ ಸರಿಯಾಗಿದ್ದಾನೆ. ಕೆಟ್ಟಿರೋದು ನನ್ನ ಕೈ."

ಮೇಡಂ ತಮ್ಮ ಅಂಗೈ ಚಾಚಿ, ಹೆಬ್ಬೆರಳಿನಿಂದ ಒತ್ತಿ ಎಂದರು. ಒತ್ತಿದೆ. ಅವರು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ಈ ಕೈ ಇಟ್ಕೊಂಡು ಕೆಂಪು ಸ್ವಿಚ್ ಒತ್ತುತ್ತಿದ್ರಾ?" ಎಂದು ಮಾತ್ರ ಕೇಳಿದರು. ಆ ಮಾತು ಎದೆಗೆ ನಾಟಿತು. ಸ್ವಿಚ್ಚಿಗೆ ತುಕ್ಕು ಹಿಡಿದಿರಲಿಲ್ಲ. ನನ್ನ ಕೈ ತಡವಾದಾಗಲೆಲ್ಲ ಅಲ್ಲಿ ಅವನ ಕೈ ಇತ್ತು.

ಇವತ್ತಿನಿಂದ ನಾನು ಮೇಲೆ ಹತ್ತುವಂತಿಲ್ಲ. ಪುಟ್ಟ ಸ್ಟೋರಿನಿಂದ ವಾಪಸ್ಸು.

ಏಪ್ರಿಲ್ ೨೬, ಶನಿವಾರ

ಎಡಗೈ ಬರಹ. ಕೋಳಿ ಕೆರೆದ ಹಾಗಿದೆ. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿತ್ತಂತೆ. ಕುಯ್ದು ಬಿಡಿಸಿದರು. ಇನ್ನೂ ತಡಮಾಡಿದ್ದರೆ ಹೆಬ್ಬೆರಳು ಮರಳಿ ಬರುತ್ತಿರಲಿಲ್ಲ ಎಂದರು ಡಾಕ್ಟರ್. ಈಗಲೂ ಪೂರ್ತಿ ಬರುತ್ತದೋ ಇಲ್ಲವೋ. ಡಾಕ್ಟರ್ ಬಹಳ ನಗುತ್ತಾರೆ, ನನಗೆ ಅನುಮಾನ.

ಹಿರಿಯ ಮೆಕ್ಯಾನಿಕ್ ಜಾಗ ಪುಟ್ಟನಿಗೆ ಸಿಕ್ಕಿತು. ಹೇಳಲು ಬಂದವನು ಅತ್ತುಬಿಟ್ಟ, ಕತ್ತೆ. ಪೆನ್ನಿನ ವಿಷಯಕ್ಕೆ ಮಗಳ ಕ್ಷಮೆ ಕೇಳಿದೆ. ಅವಳು ಉಗುರುಬಣ್ಣದ ಖಾಲಿ ಬಾಟಲಿ ತೋರಿಸಿದಳು.

ಜೂನ್ ೨, ಸೋಮವಾರ

ಡಾಕ್ಟರ್ ಒಪ್ಪಿದ್ದಾರೆ, ಮೇಡಂ ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ: ಮೇಲೆ ಹತ್ತಬಹುದು, ಸ್ವಿಚ್ ಮಾತ್ರ ಪುಟ್ಟನದು.

ಚಾಕು ಪರೀಕ್ಷೆ ಮುಗಿಸಿಕೊಂಡು ಇಬ್ಬರೂ ಲಿಫ್ಟಿನ ತಲೆಯ ಮೇಲೆ ಹತ್ತಿದೆವು. ಅವನು ಒತ್ತಿ "ನಿಂತಿದೆ!" ಎಂದ. ನಾನು ಮುಟ್ಟಿ ನೋಡಿ "ನಿಂತಿದೆ!" ಎಂದೆ. ನನ್ನ ದನಿ ಶಾಫ್ಟಿನಲ್ಲಿ ಕೆಳಗಿನವರೆಗೂ ಹೋಯಿತು.

ವೈರಿನ ಕಟ್ಟು ಬಿಡಿಸಲು ಚಾಕು ಬಿಚ್ಚಿದೆ. ಪಟ್ಟಿ ಟಕ್ ಎಂದು ಕೂತಿತು. ಕೆಲಸವಾಯಿತು. ಮುಚ್ಚಲು ಹೆಬ್ಬೆರಳಿಟ್ಟೆ. ಈಚೆಗೆ ಲಾಕ್ ಸ್ವಲ್ಪ ಕದಲುತ್ತದೆ, ಪೂರ್ತಿ ಸರಿಯುವುದಿಲ್ಲ. ಪುಟ್ಟ ನೋಡಿಯೂ ನೋಡದವನಂತೆ ಮೇಲಿನ ಹಗ್ಗಗಳಿಗೆ ಟಾರ್ಚು ಬಿಡುತ್ತಿದ್ದ. ಕೈ ಚಾಚಲಿಲ್ಲ. ತೊಡೆಗೆ ಒತ್ತಿದರೆ ಮುಚ್ಚಬಹುದಿತ್ತು. ಎಡಗೈಯೂ ಇತ್ತು.

ಹಿಡಿಯನ್ನು ಅವನ ಕಡೆ ಮಾಡಿ ನೀಡಿದೆ.

"ಇದನ್ನ ಮುಚ್ಚಿಕೊಡೋ."

ಅವನು ಟಾರ್ಚು ಕೆಳಗಿಳಿಸಿ, ಚಾಕುವನ್ನಲ್ಲ, ನನ್ನನ್ನು ನೋಡಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಟಿಕ್ ಎಂದು ಮುಚ್ಚಿ ಅದರ ಸ್ಕ್ರೂ ಮೇಲೆ ಬೆಳಕು ಬಿಟ್ಟ. ಹಳೆಯ ಗೆರೆಯ ಎರಡು ತುಂಡುಗಳು ಇನ್ನೂ ಅಲ್ಲೇ ಇದ್ದವು.

"ಗೆರೆ ಹಾಳಾಗಿದೆಯಲ್ಲ ಭಾವ. ಹೊಸದು ಎಳೀಬೇಕಾ?"

"ಬೇಡ ಬಿಡು" ಎಂದೆ. "ಮೊದಲು ಒಂಬತ್ತನೇ ಮಹಡಿ ಬಾಗಿಲು ನೋಡೋಣ, ಕಿರ್‌ ಅಂತಿದೆ."